ಓದು ನಿಲ್ಲಿಸಲು ಒಪ್ಪದ ಗುರು

ಉರೂಸ್ ಬಂತೆಂದರೆ ನಮ್ಮ ಗಾಜಿಪುರದ ಮನೆಗಳಲ್ಲಿ ಹಝ್ರತ್ ಖಾಜಾ ಬಂದೇನವಾಝ್(ರ)ರ ಕರಾಮತ್‌ಗಳದ್ದೇ ಮಾತು. ಅವರು ಕುರ್‌ಆನ್, ಹದೀಸ್ ಮತ್ತು ಫಿಕ್‌ಹ್, ಅಂದರೆ ಕರ್ಮಶಾಸ್ತ್ರದ ದೊಡ್ಡ ವಿದ್ವಾಂಸರೂ ಆಗಿದ್ದರೆಂದು ಮಕ್ಕಳಿಗೆ ಹೇಳುವವರು ಕಡಿಮೆ.

ಸಯ್ಯಿದ್ ಮುಹಮ್ಮದ್ ಹುಸೈನಿ ಎಂಬುದು ಅವರ ಹೆಸರು. 1321ರಲ್ಲಿ ದೆಹಲಿಯಲ್ಲಿ ಜನನ. ಕುಟುಂಬ ದೌಲತಾಬಾದಿನಲ್ಲಿದ್ದಾಗ, ಸುಮಾರು ಹತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಕೆಲವು ವರ್ಷಗಳ ಬಳಿಕ ತಾಯಿ ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಮರಳಿದರು. ಅಲ್ಲಿ ಬಾಲಕ ಶೈಖ್ ನಸೀರುದ್ದೀನ್ ಚಿರಾಗ್ ದೆಹಲವಿ(ರ)ಯವರ ಶಿಷ್ಯರಾದರು.

ಆರಾಧನೆಯ ಸವಿ ಹತ್ತಿದ ಮೇಲೆ ಶಿಷ್ಯರು ಗ್ರಂಥಗಳ ಓದನ್ನು ನಿಲ್ಲಿಸಲು ಅನುಮತಿ ಕೇಳಿದರು. ಗುರುಗಳು ಒಪ್ಪಲಿಲ್ಲ. ಕರ್ಮಶಾಸ್ತ್ರದ ಮೂಲತತ್ವಗಳನ್ನು ಹೇಳುವ ಬಝ್ದವಿಯವರ ಗ್ರಂಥ, ಕುರ್‌ಆನ್ ವ್ಯಾಖ್ಯಾನವಾದ ಕಶ್ಶಾಫ್ ಮುಂತಾದವುಗಳನ್ನು ಓದಿ ಮುಗಿಸಲು ಆಜ್ಞಾಪಿಸಿದರು.

1398ರಲ್ಲಿ ತೈಮೂರನ ದಾಳಿ ಸಮೀಪಿಸಿದಾಗ ದೆಹಲಿ ಬಿಟ್ಟು, ಎಂಬತ್ತರ ಆಸುಪಾಸಿನಲ್ಲಿ ಫೀರೋಝ್ ಶಾಹ್ ಬಹಮನಿಯ ಕಲಬುರಗಿಗೆ ಬಂದರು. ಆ ಇಳಿವಯಸ್ಸಿನಲ್ಲೂ ಪಾಠ ಹೇಳುವುದನ್ನು ಬಿಡಲಿಲ್ಲ. ಇಮಾಮ್ ಅಬೂ ಹನೀಫಾ(ರ)ರ ಹೆಸರಿನಲ್ಲಿರುವ ‘ಅಲ್‌ಫಿಕ್‌ಹುಲ್ ಅಕ್ಬರ್’ ಗ್ರಂಥಕ್ಕೂ ಅವರ ವ್ಯಾಖ್ಯಾನವಿದೆ. 1422ರಲ್ಲಿ ಇಲ್ಲಿಯೇ ನಿಧನರಾದರು.

ಸಹೋದರಿಯರೇ, ‘ನಮಾಝ್ ಕಲಿತರೆ ಸಾಕು, ಹುಡುಗಿಗೆ ಮುಂದಿನ ಓದೇಕೆ?’ ಎಂಬ ಮಾತು ಮನೆಯಲ್ಲಿ ಬಂದರೆ, ಓದು ನಿಲ್ಲಿಸಲು ಒಪ್ಪದ ಆ ಗುರುಗಳನ್ನು ನೆನಪಿಸಿರಿ.