ಅರ್ಧ ಬೆಲೆಗಿಳಿದ ಮನೆ: ಶೇಕಡಾ ಇಳಿಕೆಯ ಒಂದು ಪಾಠ

ಬೋಧನಾಭ್ಯಾಸದ ನಾಲ್ಕನೆಯ ವಾರದಲ್ಲಿ ಎಂಟನೇ ತರಗತಿಗೆ ಶೇಕಡಾ ಏರಿಕೆ–ಇಳಿಕೆಯ ಪಾಠ ಮಾಡುವ ಸರದಿ ನನ್ನದಾಗಿತ್ತು. ಮಕ್ಕಳು ಸೂತ್ರ ಹಾಕಿ ಲೆಕ್ಕ ಬಿಡಿಸುತ್ತಿದ್ದರು. ಆದರೆ ‘ಯಾವುದರ ಶೇಕಡಾ?’ ಎಂದು ಕೇಳಿದರೆ ಸುಮ್ಮನಾಗುತ್ತಿದ್ದರು. ಆದ್ದರಿಂದ ನಿಜವಾಗಿ ನಡೆದ ಒಂದು ಬೆಲೆ ಕುಸಿತವನ್ನೇ ಪಾಠಯೋಜನೆಗೆ ಆರಿಸಿಕೊಂಡೆ. ಅದು 2006ರ ನಂತರ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಮನೆಗಳ ಬೆಲೆ ಬಿದ್ದ ಪ್ರಸಂಗ.

ಕಪ್ಪುಹಲಗೆಯ ಮೇಲೆ ಒರಟಾಗಿ ಒಂದು ನಕ್ಷೆ ಬರೆದೆ. ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ದಡದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಒಳನಾಡಿನಲ್ಲಿ ಸ್ಟಾಕ್ಟನ್, ಮರ್ಸೆಡ್, ರಿವರ್‌ಸೈಡ್. ಒಳನಾಡಿನ ಈ ಊರುಗಳಲ್ಲಿ ಕೆಲವೇ ವರ್ಷಗಳಲ್ಲಿ ಬೆಲೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಕರಾವಳಿಯ ಹಳೆಯ ಬಡಾವಣೆಗಳಲ್ಲಿ ಇಳಿಕೆಯ ಶೇಕಡಾವಾರು ಸಾಮಾನ್ಯವಾಗಿ ಕಡಿಮೆ ಇತ್ತು.

ಇದಕ್ಕೆ ಕಾರಣಗಳಿವೆ. ಕರಾವಳಿಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ. ಜೊತೆಗೆ 1976ರ ಕರಾವಳಿ ಕಾಯ್ದೆಯಿಂದ ದಡದ ಕಟ್ಟಡಗಳಿಗೆ ನಿರ್ಬಂಧ. ಹೊಸ ಮನೆ ಕಟ್ಟಲು ಜಾಗ ಕಡಿಮೆ, ಉದ್ಯೋಗ ಹತ್ತಿರ. ಒಳನಾಡಿನಲ್ಲಿ ಬಯಲು ಭೂಮಿ ಧಾರಾಳವಾಗಿದ್ದುದರಿಂದ ಸಾಲು ಸಾಲು ಹೊಸ ಮನೆಗಳೆದ್ದವು. ಕರಾವಳಿಯಲ್ಲಿ ಮನೆ ಕೊಳ್ಳಲಾಗದವರು ಇಲ್ಲಿ ಕೊಂಡು, ದಿನವೂ ದೂರದ ಕೆಲಸಕ್ಕೆ ಕಾರಿನಲ್ಲಿ ಹೋಗುತ್ತಿದ್ದರು. ಅನೇಕರು ಕೈಯಿಂದ ಹೆಚ್ಚು ಹಣ ಹಾಕದೆ ಸಾಲದ ಮೇಲೆಯೇ ಕೊಂಡಿದ್ದರು. ಕಂತು ಕಟ್ಟಲಾಗದವರ ಮನೆಗಳನ್ನು ಬ್ಯಾಂಕುಗಳು ವಶಕ್ಕೆ ತೆಗೆದುಕೊಂಡು ಅಗ್ಗಕ್ಕೆ ಮಾರಿದಾಗ ಅಕ್ಕಪಕ್ಕದ ಮನೆಗಳ ಬೆಲೆಯೂ ಕುಸಿಯಿತು. 2012ರಲ್ಲಿ ಸ್ಟಾಕ್ಟನ್ ನಗರಾಡಳಿತವೇ ದಿವಾಳಿ ಅರ್ಜಿ ಸಲ್ಲಿಸಿತು. ತೆರಿಗೆ ಆದಾಯ ಇಳಿದದ್ದು ಅದಕ್ಕೆ ಒಂದು ಕಾರಣ.

ಲೆಕ್ಕಕ್ಕಾಗಿ ಸುಲಭವಾದ ಕಲ್ಪಿತ ಸಂಖ್ಯೆಗಳನ್ನು ಕೊಟ್ಟೆ. ಕರಾವಳಿಯ ಮನೆ 60 ಲಕ್ಷದಿಂದ 42 ಲಕ್ಷಕ್ಕೆ, ಒಳನಾಡಿನ ಮನೆ 30 ಲಕ್ಷದಿಂದ 15 ಲಕ್ಷಕ್ಕೆ ಇಳಿಯಿತು. ಯಾವುದು ಹೆಚ್ಚು ಇಳಿದಿದೆ? ಮುಕ್ಕಾಲು ತರಗತಿ ‘ಕರಾವಳಿ’ ಎಂದಿತು. 18 ಲಕ್ಷ 15 ಲಕ್ಷಕ್ಕಿಂತ ದೊಡ್ಡದಲ್ಲವೇ! ಆ ಉತ್ತರ ತಪ್ಪೆಂದು ನಾನು ಹೇಳಲಿಲ್ಲ. ಹಣದಲ್ಲಿ ಅದು ಸರಿಯೇ. ಮೂಲ ಬೆಲೆಗೆ ಹೋಲಿಸಿ ಭಾಗಿಸಿದಾಗ ಕರಾವಳಿಗೆ ಶೇ. 30, ಒಳನಾಡಿಗೆ ಶೇ. 50 ಬಂತು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮನೆ ಬೆಲೆ ಅರ್ಧ ಆದ್ರೆ ಸಾಲಾನೂ ಅರ್ಧ ಆಗುತ್ತಾ ಟೀಚರ್?” ಎಂದು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಒಳನಾಡಿನ ಮನೆಗೆ 27 ಲಕ್ಷ ಸಾಲವಿತ್ತು ಎಂದುಕೊಳ್ಳೋಣ ಎಂದೆ. ಮನೆ ಮಾರಿದರೂ 12 ಲಕ್ಷ ಬಾಕಿ ಉಳಿಯುತ್ತದೆ ಎಂದು ಅವಳೇ ಲೆಕ್ಕ ಹಾಕಿ ಹೇಳಿದಳು. ಕರಾವಳಿಯವರು ಬಹಳ ಹಿಂದೆಯೇ ಕೊಂಡು, ಸಾಲ 20 ಲಕ್ಷಕ್ಕೆ ಇಳಿದಿದ್ದರೆ? ಮಾರಿದರೂ 22 ಲಕ್ಷ ಕೈಗೆ ಬರುತ್ತದೆ. ಬೆಲೆ ಇಳಿಯುತ್ತದೆ, ಸಾಲ ಇಳಿಯುವುದಿಲ್ಲ ಎಂಬುದು ತರಗತಿಗೆ ಅಲ್ಲಿ ತಿಳಿಯಿತು.

ಹಳೆಯ ಬೆಲೆಗೆ ಮರಳಲು ಎಷ್ಟು ಏರಬೇಕು ಎಂದಾಗ ಎಲ್ಲರೂ ‘ಶೇ. 50’ ಎಂದರು. 15 ಲಕ್ಷಕ್ಕೆ ಶೇ. 50 ಸೇರಿಸಿದರೆ 22.5 ಲಕ್ಷ ಮಾತ್ರ. ಬೇಕಾದದ್ದು ಶೇ. 100. ಕರಾವಳಿಗೆ ಸುಮಾರು ಶೇ. 43 ಸಾಕು. ಇಳಿಕೆಯಲ್ಲಿದ್ದ ಅಂತರ ಏರಿಕೆಯಲ್ಲಿ ಇನ್ನಷ್ಟು ಹಿಗ್ಗುತ್ತದೆ.

ಇಲ್ಲಿಯವರೆಗೆ ಸರಿಯಾಗಿತ್ತು. ಕೊನೆಯಲ್ಲಿ ನಾನು ‘ಎರಡೂ ಸೇರಿ ಸರಾಸರಿ ಇಳಿಕೆ ಶೇ. 40’ ಎಂದು ಬರೆದೆ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ನನ್ನ ಪುಸ್ತಕದಲ್ಲಿ ‘ಯಾವುದರ ಶೇಕಡಾ?’ ಎಂದಷ್ಟೇ ಬರೆದಿದ್ದರು. ಮಕ್ಕಳಿಗೆ ಕೇಳುತ್ತಿದ್ದ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಒಟ್ಟು 90 ಲಕ್ಷದಲ್ಲಿ 33 ಲಕ್ಷ ಇಳಿದಿದೆ, ಅಂದರೆ ಶೇ. 36.67. ಮೂಲ ಬೆಲೆಗಳು ಬೇರೆಯಾಗಿರುವಾಗ ಶೇಕಡಾಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಒಟ್ಟು ಇಳಿಕೆ ಸಿಗುವುದಿಲ್ಲ.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನೇ ಮೊದಲ ಲೆಕ್ಕವಾಗಿ ಕೊಟ್ಟೆ. ಮಕ್ಕಳು ಉತ್ಸಾಹದಿಂದ ತಿದ್ದಿದರು. ಇನ್ನೊಂದು ಮಾತನ್ನೂ ಸೇರಿಸಿದೆ: ಸಮುದ್ರ ಹತ್ತಿರವಿದ್ದರೆ ಬೆಲೆ ಕಡಿಮೆ ಬೀಳುತ್ತದೆ ಎಂಬುದು ನಿಯಮವಲ್ಲ. ಅದೇ ಕುಸಿತದಲ್ಲಿ ಫ್ಲಾರಿಡದ ಮಯಾಮಿ ಕರಾವಳಿಯಲ್ಲಿದ್ದರೂ ಅಲ್ಲಿನ ಬೆಲೆ ಸುಮಾರು ಅರ್ಧಕ್ಕಿಳಿಯಿತು. ಅಲ್ಲಿಯೂ ಬೇಡಿಕೆಗೆ ಮೀರಿ ಕಟ್ಟಿದ್ದರು, ಸಾಲವೂ ವಿಪರೀತವಾಗಿತ್ತು.

ಈ ಪಾಠ ಮಾಡುವ ಸಹಪಾಠಿಗಳಿಗೆ ನನ್ನದೊಂದು ಸಲಹೆ. ಇಳಿಕೆಯ ಲೆಕ್ಕ ಕೊಡುವಾಗ ಮೂಲ ಬೆಲೆಯ ಪಕ್ಕದಲ್ಲಿ ಸಾಲಕ್ಕೂ ಒಂದು ಕಾಲಂ ಬರೆಯಿರಿ. ಮಕ್ಕಳು ಆಗ ಶೇಕಡಾ ಚಿಹ್ನೆಯ ಹಿಂದೆ ಒಂದು ಮನೆಯನ್ನು ಕಾಣುತ್ತಾರೆ.