ನದಿಯಲ್ಲಿ ಸಿಕ್ಕಿದ್ದು ‘ಬೇರೆ’ ಹೆಣಗಳು!

‘ಮಿಸಿಸಿಪ್ಪಿ ಬರ್ನಿಂಗ್’ ನೋಡಿದ್ದೀರಾ? 1988ರಲ್ಲಿ ಅಲನ್ ಪಾರ್ಕರ್ ನಿರ್ದೇಶಿಸಿದ ಚಿತ್ರ. ಜೀನ್ ಹ್ಯಾಕ್‌ಮನ್ ತಣ್ಣಗೆ ನಗ್ತಾ ನಗ್ತಾ ಖಳರ ಬೆವರಿಳಿಸೋ ದೃಶ್ಯಗಳಿಗೆ ನಾನೂ ಶಿಳ್ಳೆ ಹೊಡೆದವನೇ! 1964ರ ಜೂನ್ ತಿಂಗಳಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ, ಕರಿಯರ ವೋಟಿನ ಹಕ್ಕಿಗಾಗಿ ದುಡಿಯುತ್ತಿದ್ದ ಮೂವರು ಯುವಕರು ಮಾಯವಾದರು. ಇಬ್ಬರು ಬಿಳಿಯರು, ಒಬ್ಬ ಕರಿಯ. ಅವರನ್ನು ಹುಡುಕಲು ಬಂದ ಎಫ್‌ಬಿಐನವರ ಕಥೆ ಅದು. ಕರಿಯರ ಹೋರಾಟದ ಕಥೆಯಲ್ಲಿ ಕರಿಯರನ್ನೇ ಎಕ್ಸ್‌ಟ್ರಾಗಳ ಹಾಗೆ ಹಿಂದೆ ನಿಲ್ಲಿಸಿದ್ದಾರೆ, ಎಫ್‌ಬಿಐನವರನ್ನು ಹೀರೋ ಮಾಡಿದ್ದಾರೆ ಅಂತ ಅಲ್ಲಿ ದೊಡ್ಡ ಗಲಾಟೆಯೇ ಆಯ್ತು. ಆ ಗಲಾಟೆಯಲ್ಲಿ ನ್ಯಾಯವಿತ್ತು ಅನ್ನೋದು ನನ್ನ ಅಭಿಪ್ರಾಯ.

ಆದರೆ ನಾನೀಗ ಹೇಳಹೊರಟಿರೋದು ಆ ಚಿತ್ರ ಹೇಳದೆ ಬಿಟ್ಟ ಕಥೆ.

ಮೂವರ ಹುಡುಕಾಟ ನಡೆದೇ ಇತ್ತು. ಕಾಡು, ಕೆರೆ, ಜೌಗು ಒಂದನ್ನೂ ಬಿಡಲಿಲ್ಲ. ಜುಲೈ 12ರಂದು ಮಿಸಿಸಿಪ್ಪಿ ನದಿಯ ಹಳೇ ಹರಿವಿನ ನೀರಿನಲ್ಲಿ ಒಂದು ಹೆಣ ಸಿಕ್ಕಿತು. ಮಾರನೇ ದಿನ ಇನ್ನೊಂದು. ಪತ್ರಿಕೆಯವರು ಓಡಿದರು, ಕ್ಯಾಮೆರಾಗಳು ಓಡಿದವು. ನೋಡಿದರೆ... ಹುಡುಕುತ್ತಿದ್ದವರಲ್ಲ! ಯಾರೋ ಇಬ್ಬರು ಕರಿಯ ಹುಡುಗರು. ಅಷ್ಟೇ ಸ್ವಾಮಿ, ಕ್ಯಾಮೆರಾ ಮಡಚಿಕೊಂಡು ಎಲ್ಲರೂ ವಾಪಸ್ ಹೋದರು. ಆಗಸ್ಟ್ 4ರಂದು ಆ ಮೂವರ ಹೆಣಗಳು ಒಂದು ಮಣ್ಣಿನ ಏರಿಯ ಅಡಿಯಲ್ಲಿ ಸಿಕ್ಕವು. ಲೋಕವೆಲ್ಲ ಅವರಿಗಾಗಿ ಕಣ್ಣೀರು ಹಾಕಿತು. ನದಿಯಲ್ಲಿ ಸಿಕ್ಕ ಇಬ್ಬರ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ.

ಹೆಸರು ನಾನು ಹೇಳ್ತೀನಿ. ಹೆನ್ರಿ ಹೆಝಕಾಯ ಡೀ. ಚಾರ್ಲ್ಸ್ ಎಡ್ಡೀ ಮೂರ್. ಇಬ್ಬರಿಗೂ 19 ವರ್ಷ. ಚಾರ್ಲ್ಸ್ ಕಾಲೇಜು ಹುಡುಗ, ಡೀ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು.

ಮೇ 2ರ ಆ ದಿನ

1964ರ ಮೇ 2ರಂದು ಈ ಇಬ್ಬರೂ ಮೀಡ್‌ವಿಲ್ ಅನ್ನೋ ಸಣ್ಣ ಊರಿನ ರಸ್ತೆ ಬದಿಯಲ್ಲಿ ನಿಂತು, ಹೋಗೋ ಬರೋ ಗಾಡಿಗಳಿಗೆ ಕೈ ಅಡ್ಡ ಹಾಕ್ತಾ ಇದ್ದರು. ಒಂದು ವೋಕ್ಸ್‌ವ್ಯಾಗನ್ ಕಾರು ನಿಂತಿತು. ಒಳಗಿದ್ದವನು ಜೇಮ್ಸ್ ಫೋರ್ಡ್ ಸೀಲ್. ಬಿಳಿ ಮುಸುಕು ಹಾಕ್ಕೊಂಡು ಕರಿಯರ ಮೇಲೆ ಬೀಳುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿನವನು. ‘ಕಳ್ಳಭಟ್ಟಿ ಹಿಡಿಯೋ ಸರ್ಕಾರಿ ಅಧಿಕಾರಿ ನಾನು’ ಅಂತ ಸುಳ್ಳು ಹೇಳಿ ಕಾರಿಗೆ ಹತ್ತಿಸಿಕೊಂಡ. ಹಿಂದೆ ಇನ್ನೊಂದು ಗಾಡಿಯಲ್ಲಿ ಅವನ ಗ್ಯಾಂಗು!

ಸೀದಾ ಕಾಡಿಗೆ. ಮರಕ್ಕೆ ಕಟ್ಟಿ ಕೋಲುಗಳಿಂದ ಬಡಿದರು. ‘ಬಂದೂಕು ಎಲ್ಲಿ ಬಚ್ಚಿಟ್ಟಿದ್ದೀರಿ, ಬೊಗಳಿ’ ಅನ್ನೋದೊಂದೇ ಪ್ರಶ್ನೆ. ಕರಿಯರು ದಂಗೆಗೆ ಬಂದೂಕು ಕೂಡಿಡ್ತಾ ಇದ್ದಾರೆ ಅನ್ನೋ ಗಾಳಿಸುದ್ದಿ ಆ ಕಡೆ ಹಬ್ಬಿತ್ತು, ಅದಕ್ಕೆ. ಏಟು ತಾಳಲಾರದೆ ಹುಡುಗರು, ರಾಕ್ಸಿ ಊರಿನ ಒಂದು ಚರ್ಚಿನಲ್ಲಿವೆ ಅಂದುಬಿಟ್ಟರು. ಹೋಗಿ ಹುಡುಕಿದರೆ ಒಂದೂ ಇಲ್ಲ. ಇದ್ದರೆ ತಾನೇ ಸಿಗೋದು?

ಅಲ್ಲಿಗಾದರೂ ಬಿಟ್ಟರಾ? ಇಲ್ಲ. ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು, ಪಕ್ಕದ ಲೂಯಿಸಿಯಾನ ರಾಜ್ಯ ದಾಟಿಸಿ ನದಿಗೆ ತಂದರು. ಜೀಪಿನ ಇಂಜಿನ್ನು, ರೈಲುಕಂಬಿ ಕಟ್ಟಿ ನೀರಿಗೆ ದೂಡಿದರು. ಒಬ್ಬನಾದ ಮೇಲೆ ಒಬ್ಬನನ್ನು. ಇಬ್ಬರೂ ಬದುಕಿದ್ದರು.

ಇದರಲ್ಲಿ ಪತ್ತೇದಾರಿ ಸಸ್ಪೆನ್ಸ್ ಏನೂ ಇಲ್ಲ ಅಂದ್ರೆ ನಿಮಗೆ ಆಶ್ಚರ್ಯವಾದೀತು. ಕೊಂದವರು ಯಾರು ಅಂತ 1964ರಲ್ಲೇ ಎಫ್‌ಬಿಐಗೆ ಗೊತ್ತಿತ್ತು! ನವೆಂಬರಿನಲ್ಲಿ ಸೀಲ್‌ನನ್ನೂ ಚಾರ್ಲ್ಸ್ ಮಾರ್ಕಸ್ ಎಡ್ವರ್ಡ್ಸ್ ಅನ್ನೋನನ್ನೂ ಹಿಡಿದರು. ಹೊಡೆದದ್ದು ನಿಜ, ಬಿಟ್ಟು ಬರುವಾಗ ಬದುಕಿದ್ದರು ಅಂದ ಎಡ್ವರ್ಡ್ಸ್. ಸೀಲ್ ಇನ್ನೂ ಗಟ್ಟಿ ಪಿಂಡ. ನೀನೇ ಮಾಡಿದ್ದು ಅಂತ ನಮಗೆ ಗೊತ್ತು ಅಂದದ್ದಕ್ಕೆ, ‘ಹೌದು, ಆದ್ರೆ ನಾನು ಒಪ್ಪಿಕೊಳ್ಳಲ್ಲ, ನೀವೇ ರುಜುವಾತು ಮಾಡಿ’ ಅನ್ನೋ ಅರ್ಥದಲ್ಲಿ ಮಾತಾಡಿದ್ದು ಎಫ್‌ಬಿಐ ಫೈಲಿನಲ್ಲೇ ಇದೆ. 1965ರ ಜನವರಿಯಲ್ಲಿ ರಾಜ್ಯದವರು ಕೇಸನ್ನೇ ಕೈಬಿಟ್ಟರು. ಸೀಲ್ ಆಮೇಲೆ ಒಂದಷ್ಟು ಕಾಲ ಪೊಲೀಸ್ ಕೆಲಸ ಕೂಡ ಮಾಡಿದ. ನಗಬೇಕೋ ಅಳಬೇಕೋ ನೀವೇ ಹೇಳಿ.

ಸತ್ತವನು ಬದುಕಿದ್ದ!

ಚಾರ್ಲ್ಸ್‌ಗೆ ಒಬ್ಬ ಅಣ್ಣ ಇದ್ದ, ಥಾಮಸ್ ಮೂರ್. ಸೈನ್ಯದಲ್ಲಿದ್ದವನು, ವಿಯೆಟ್ನಾಂ ಯುದ್ಧ ಕಂಡವನು. ಗನ್ ಹಿಡಿದು ಊರಿಗೆ ನುಗ್ಗಿ ಸೇಡು ತೀರಿಸಿಕೊಳ್ಳೋ ಯೋಚನೆ ಬಂದದ್ದುಂಟು ಅಂತ ಅವನೇ ಹೇಳಿಕೊಂಡಿದ್ದಾನೆ. ನಮ್ಮ ಸಿನಿಮಾ ಆಗಿದ್ದರೆ ಇಂಟರ್ವಲ್ ಆದ ಮೇಲೆ ಅದೇ ನಡೆಯೋದು, ನಾವೂ ಚಪ್ಪಾಳೆ ತಟ್ಟೋದು. ಅವನು ಹಾಗೆ ಮಾಡಲಿಲ್ಲ. ಸೈನ್ಯದಲ್ಲಿ ಸರ್ವಿಸ್ ಮುಗಿಸಿ ನಿವೃತ್ತನಾದ. ತಮ್ಮ ಮಾತ್ರ ಎದೆಯೊಳಗೇ ಉಳಿದ.

ಅತ್ತ ಕೆನಡಾದಲ್ಲಿ ಡೇವಿಡ್ ರಿಡ್ಜನ್ ಅನ್ನೋ ಸಾಕ್ಷ್ಯಚಿತ್ರ ನಿರ್ದೇಶಕನ ಕಣ್ಣಿಗೆ, 1964ರಲ್ಲಿ ಅಲ್ಲಿನ ಸಿಬಿಸಿ ಟೆಲಿವಿಷನ್ ತೆಗೆದಿದ್ದ ಒಂದು ಹಳೇ ಚಿತ್ರ ಬಿತ್ತು. ನದಿಯಿಂದ ಹೆಣ ಎತ್ತುವ ದೃಶ್ಯ. ಇದು ಬೇರೆಯವರ ಹೆಣ, ಹುಡುಕಾಟ ಇವನಿಗಾಗಿ ಅಲ್ಲ ಅನ್ನೋ ಹಿನ್ನೆಲೆ ದನಿ. ಎಷ್ಟು ಜನ ನೋಡಿ ಸುಮ್ಮನಾಗಿದ್ದರೋ ಏನೋ, ಇವನು ಸುಮ್ಮನಾಗಲಿಲ್ಲ. ಯಾರು ಈ ಹುಡುಗ ಅಂತ ಬೆನ್ನುಹತ್ತಿದವನು ಥಾಮಸ್‌ನ ಬಾಗಿಲಿಗೆ ಬಂದು ನಿಂತ.

2005ರ ಜುಲೈನಲ್ಲಿ ಇಬ್ಬರೂ ಮಿಸಿಸಿಪ್ಪಿಗೆ ಬಂದರು. ಸೀಲ್ ಸತ್ತುಹೋಗಿದ್ದಾನೆ ಅಂತ ಮನೆಯವರು ಹೇಳಿದ್ದರು, ಪತ್ರಿಕೆಗಳೂ ಬರೆದಿದ್ದವು. ರಾಕ್ಸಿ ಊರಿನ ಪೆಟ್ರೋಲ್ ಬಂಕಿನಲ್ಲಿ ಸ್ಥಳೀಯನೊಬ್ಬನ ಜೊತೆ ಮಾತಾಡ್ತಾ ಥಾಮಸ್ ಅದನ್ನೇ ಅಂದ. ಆ ಮನುಷ್ಯ ಹೇಳಿದ: ಸತ್ತಿದ್ದಾನಾ? ಅವನು ಇಲ್ಲೇ, ಈ ರಸ್ತೆಯಲ್ಲೇ ಇದ್ದಾನಲ್ಲ!

ಕ್ಯಾಮೆರಾ ಓಡ್ತಾನೇ ಇತ್ತು, ಗೆಳೆಯರೇ. ಬರೆದಿಟ್ಟ ಸಂಭಾಷಣೆ ಅಲ್ಲ, ಎರಡನೇ ಟೇಕ್ ಇಲ್ಲ. ಯಾವ ಚಿತ್ರಕಥೆಗಾರ ಇಂಥ ತಿರುವು ಕೊಟ್ಟಿದ್ದರೂ ‘ನಂಬೋ ಹಾಗಿಲ್ಲ ಬಿಡ್ರಿ’ ಅಂತಿದ್ದೆ ನಾನು.

ಅಲ್ಲಿಂದ ಮುಂದೆ ವೇಗ. ಸರ್ಕಾರಿ ವಕೀಲ ಡನ್ ಲ್ಯಾಂಪ್ಟನ್ ಹಳೇ ಫೈಲಿನ ದೂಳು ಕೊಡವಿದರು. ಹುಡುಗರನ್ನು ರಾಜ್ಯದ ಗಡಿ ದಾಟಿಸಿ ಒಯ್ದದ್ದರಿಂದ ಅದು ಕೇಂದ್ರದ ಅಪಹರಣ ಕಾನೂನಿಗೆ ಬಂತು. ಶಿಕ್ಷೆಯಿಂದ ವಿನಾಯಿತಿ ಪಡೆದು ಎಡ್ವರ್ಡ್ಸ್ ಸಾಕ್ಷಿಯಾದ. ತುಂಬಿದ ಕೋರ್ಟಿನಲ್ಲಿ ಆ ಎರಡು ಮನೆಯವರ ಕ್ಷಮೆ ಕೇಳಿದ. 2007ರ ಜೂನ್ 14ರಂದು ಜ್ಯೂರಿ ಸೀಲ್‌ನನ್ನು ಅಪರಾಧಿ ಅಂದಿತು. ಆಗಸ್ಟಿನಲ್ಲಿ ನ್ಯಾಯಾಧೀಶ ಹೆನ್ರಿ ವಿಂಗೇಟ್ ಮೂರು ಜೀವಾವಧಿ ಶಿಕ್ಷೆ ಕೊಟ್ಟರು. ವಿಂಗೇಟ್ ಕರಿಯ ನ್ಯಾಯಾಧೀಶರು ಅನ್ನೋದನ್ನು ನಾನು ಹೇಳಲೇಬೇಕು. ಅದನ್ನು ಹೇಳೋದರಲ್ಲಿ ನನಗೊಂದು ಖುಷಿ ಇದೆ.

ಅಲ್ಲಿಗೂ ಮುಗಿಯಲಿಲ್ಲ. 2008ರಲ್ಲಿ ಅಪೀಲಿನ ಮೂವರು ನ್ಯಾಯಾಧೀಶರು ‘ಕೇಸಿನ ಕಾಲಮಿತಿ ಎಂದೋ ಮುಗಿದಿತ್ತು’ ಅಂತ ಶಿಕ್ಷೆ ರದ್ದು ಮಾಡಿಬಿಟ್ಟರು! 2009ರಲ್ಲಿ ಅದೇ ಕೋರ್ಟಿನ ನ್ಯಾಯಾಧೀಶರೆಲ್ಲ ಕೂತರೆ 9ಕ್ಕೆ 9, ಸಮ ಸಮ. ಹಾಗಾಗಿ ಕೆಳಗಿನ ಕೋರ್ಟಿನ ತೀರ್ಪೇ ನಿಂತಿತು. ಕೂದಲೆಳೆಯಷ್ಟರಲ್ಲಿ ಉಳಿಯಿತು ಅನ್ನಿ. 2011ರ ಆಗಸ್ಟ್ 2ರಂದು ಸೀಲ್ ಇಂಡಿಯಾನಾದ ಜೈಲಿನಲ್ಲೇ ಸತ್ತ. ಈ ಸಲ ನಿಜವಾಗಿ.

ರಿಡ್ಜನ್ ಮಾಡಿದ ಚಿತ್ರದ ಹೆಸರು ‘ಮಿಸಿಸಿಪ್ಪಿ ಕೋಲ್ಡ್ ಕೇಸ್’. 2007ರದ್ದು. ಹಾಡಿಲ್ಲ, ಫೈಟಿಂಗ್ ಇಲ್ಲ, ಸ್ಟಾರ್ ಯಾರೂ ಇಲ್ಲ. ಸಿಕ್ಕರೆ ನೋಡಿ. ಆ ಪೆಟ್ರೋಲ್ ಬಂಕಿನ ದೃಶ್ಯ ಬಂದಾಗ ಮಾತಾಡಿದವನ ಕಡೆ ನೋಡಬೇಡಿ, ಥಾಮಸ್‌ನ ಮುಖ ನೋಡಿ.