ಪದವಿ, ಕುಟುಂಬ ಮತ್ತು ವೃತ್ತಿ: ವಿದ್ಯಾವಂತ ಸ್ತ್ರೀಯರ ಉದ್ಯೋಗಜೀವನವನ್ನು ಕುರಿತು ಒಂದು ವಿವೇಚನೆ

ವಿದ್ಯಾಭ್ಯಾಸವೇ ಉದ್ಯೋಗದ ಹೆಬ್ಬಾಗಿಲು ಎಂಬುದು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವ ನಂಬುಗೆ. ಪುರುಷರ ಮಟ್ಟಿಗೆ ಈ ನಂಬುಗೆ ಬಹುಪಾಲು ನಿಜ. ಸ್ತ್ರೀಯರ ಮಟ್ಟಿಗೆ ಅದು ಅರ್ಧ ಮಾತ್ರ ನಿಜವೆನ್ನಬೇಕಾಗುತ್ತದೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣವು ಸ್ತ್ರೀಯರಲ್ಲಿ ಶೇಕಡ 28.5, ಪುರುಷರಲ್ಲಿ ಶೇಕಡ 28.3 ಆಗಿತ್ತು. ಕಾಲೇಜಿನ ಹೊಸ್ತಿಲಿನಲ್ಲಿ ಇಬ್ಬರೂ ಸರಿಸಮಾನರು ಎಂಬುದು ಇದರಿಂದ ಸ್ಪಷ್ಟ. ಆದರೆ 2023-24ರ ಶ್ರಮಬಲ ಸಮೀಕ್ಷೆಯನ್ನು ನೋಡಿದರೆ, 15 ವರ್ಷಕ್ಕೆ ಮೇಲ್ಪಟ್ಟ ಪುರುಷರಲ್ಲಿ ಶೇಕಡ 78.8ರಷ್ಟು ಮಂದಿ ಉದ್ಯೋಗದಲ್ಲಿದ್ದರು ಅಥವಾ ಉದ್ಯೋಗವನ್ನು ಅರಸುತ್ತಿದ್ದರು. ಸ್ತ್ರೀಯರಲ್ಲಿ ಅಂಥವರು ಶೇಕಡ 41.7. ಈ ಎರಡು ಸಮೀಕ್ಷೆಗಳು ಒಂದೇ ವಯಸ್ಸಿನವರನ್ನು ಕುರಿತವಲ್ಲ. ಎರಡನೆಯದರಲ್ಲಿ ಓದುಬರಹ ದೊರೆಯದ ಹಿಂದಿನ ತಲೆಮಾರಿನವರೂ, ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವವರೂ ಸೇರಿದ್ದಾರೆ. ಈ ಎಚ್ಚರವನ್ನು ಇಟ್ಟುಕೊಂಡರೂ ಪ್ರಶ್ನೆ ಉಳಿದೇ ಉಳಿಯುತ್ತದೆ: ಪಾಠಶಾಲೆಯಲ್ಲಿ ಸಮನಾಗಿ ಕುಳಿತವರು ಕಚೇರಿಯಲ್ಲಿ ಏಕೆ ಸಮನಾಗಿ ಕಾಣಿಸುವುದಿಲ್ಲ?

ಪದವಿಗೂ ವೃತ್ತಿಗೂ ನಡುವೆ ಕುಟುಂಬವಿದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ. ಉತ್ತರ ಸರಿಯಾದುದೇ, ಆದರೆ ಅಪೂರ್ಣವಾದುದು. ಪುರುಷನಿಗೂ ಕುಟುಂಬವುಂಟು, ಅದು ಅವನ ಬಡ್ತಿಗೆ ಅಡ್ಡಬಂದುದನ್ನು ಕಾಣುವುದು ವಿರಳ. ಆದುದರಿಂದ ಕುಟುಂಬಕ್ಕಿಂತಲೂ ಹೆಚ್ಚಾಗಿ, ಉದ್ಯೋಗದ ನಿಯಮಗಳೂ ವೇಳೆಯೂ ಎಂಥ ನೌಕರನನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾಗಿವೆ ಎಂಬುದನ್ನು ನಾವು ಪರಿಶೀಲಿಸಬೇಕಾಗಿದೆ.

ಮೊದಲು ಇತಿಹಾಸದ ಒಂದು ವಿಚಿತ್ರ ಸಂಗತಿಯನ್ನು ಗಮನಿಸೋಣ. ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ಸ್ತ್ರೀಯರ ವೃತ್ತಿಜೀವನ ಮೊದಲು ಚಿಗುರಿದ್ದು ಬಹುಮಟ್ಟಿಗೆ ವಿಧವೆಯರ ನಡುವೆ. ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ಪುಣೆಯಲ್ಲಿ ವಿಧವಾಶ್ರಮವನ್ನು ತೆರೆದರು. ಇಪ್ಪತ್ತು ವರ್ಷಗಳ ತರುವಾಯ, 1916ರಲ್ಲಿ, ಮಹಿಳಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದವರೂ ಅವರೇ. ಬಾಲ್ಯದಲ್ಲಿಯೇ ವಿಧವೆಯಾದ ಸುಬ್ಬಲಕ್ಷ್ಮಿಯವರು 1911ರಲ್ಲಿ ಮದರಾಸಿನಲ್ಲಿ ಬಿ.ಎ. ಪದವಿಯನ್ನು ಪಡೆದು, ತಮ್ಮಂಥ ಬಾಲವಿಧವೆಯರನ್ನು ಉಪಾಧ್ಯಾಯಿನಿಯರನ್ನಾಗಿ ತಯಾರುಮಾಡುವ ಕಾರ್ಯದಲ್ಲಿ ತೊಡಗಿದರು. ಕನ್ನಡದಲ್ಲಿ ಲೇಖಕಿಯಾಗಿ, ಪ್ರಕಾಶಕಿಯಾಗಿ, ಪತ್ರಿಕಾ ಸಂಪಾದಕಿಯಾಗಿ ದುಡಿದ ನಂಜನಗೂಡು ತಿರುಮಲಾಂಬ ಅವರೂ ಎಳೆಯ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡವರು. ಸಮಾಜವು ಸುಮಂಗಲಿಗೆ ನಿರಾಕರಿಸಿದ ವೃತ್ತಿಯನ್ನು, ಸಂಸಾರಸುಖವನ್ನು ನಿರಾಕರಿಸಿದವಳಿಗೆ ಕೊಟ್ಟಿತು. ವಿದ್ಯೆಗೂ ದಾಂಪತ್ಯಕ್ಕೂ ಒಟ್ಟಿಗೆ ಸ್ಥಳವಿಲ್ಲವೆಂಬ ಭಾವನೆ ಆ ಉದಾರಕಾರ್ಯದ ಒಳಗೂ ಅಡಗಿತ್ತು.

ಮುಂದಿನ ತಲೆಮಾರಿನ ಮೂವರು ವಿದುಷಿಯರ ಜೀವನವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನಷ್ಟು ವಿಶದವಾಗುತ್ತದೆ. ಮೂವರೂ ಉನ್ನತ ಶಿಕ್ಷಣವನ್ನು ಪಡೆದವರು, ಮೂವರೂ ಕರ್ನಾಟಕದೊಡನೆ ಸಂಬಂಧವುಳ್ಳವರು.

ಮೊದಲನೆಯವರು ಕಮಲಾ ಸೊಹೊನಿ. 1933ರಲ್ಲಿ ಮುಂಬಯಿಯಲ್ಲಿ ವಿಜ್ಞಾನ ಪದವಿಯನ್ನು ಪಡೆದ ಇವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲು ಪ್ರವೇಶ ದೊರೆಯಲಿಲ್ಲ, ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರು ಸ್ತ್ರೀಯೆಂಬ ಕಾರಣಕ್ಕಾಗಿಯೇ ಅರ್ಜಿಯನ್ನು ತಿರಸ್ಕರಿಸಿದರು. ಆಕೆ ಪಟ್ಟುಹಿಡಿದು ಪ್ರತಿಭಟಿಸಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇರೆಗೆ ಸೇರಿಸಿಕೊಂಡರು. 1939ರಲ್ಲಿ ಆಕೆ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದು ಹಿಂತಿರುಗಿ, ದೆಹಲಿಯಲ್ಲಿಯೂ ಬಳಿಕ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿಯೂ ಕೆಲಸಮಾಡಿದರು. 1947ರಲ್ಲಿ ವಿವಾಹವಾಯಿತು, ಪತಿಯ ಊರಾದ ಮುಂಬಯಿಗೆ ಹೋಗಿ ಅಲ್ಲಿಯ ವಿಜ್ಞಾನ ಸಂಸ್ಥೆಯಲ್ಲಿ ವೃತ್ತಿಯನ್ನು ಮುಂದುವರಿಸಿದರು. ಇಲ್ಲಿ ವಿವಾಹವು ವೃತ್ತಿಯನ್ನು ನಿಲ್ಲಿಸಲಿಲ್ಲ. ವೃತ್ತಿಯ ಸ್ಥಳವನ್ನು ನಿರ್ಣಯಿಸಿತು.

ಎರಡನೆಯವರು ಕೊಡಗಿನ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ಬಾಲ್ಯದಲ್ಲಿ ತಂದೆಯನ್ನು ಕಳೆದುಕೊಂಡ ಇವರನ್ನು ಓದಿಸಿದವರು ತಾಯಿ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಪ್ರವೇಶಿಸಿದ ಪ್ರಥಮ ಮಹಿಳೆಯೆಂಬ ಕೀರ್ತಿ ಇವರದು. ಸೇವೆಗೆ ಸೇರುವಾಗ, ವಿವಾಹವಾದರೆ ರಾಜೀನಾಮೆ ಕೊಡುವುದಾಗಿ ಬರೆದುಕೊಡಬೇಕಾಯಿತು. ಮುತ್ತಮ್ಮನವರು ಅವಿವಾಹಿತರಾಗಿಯೇ ಉಳಿದರು. 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಇಲ್ಲಿ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವಂತೆ ನಿಯಮವೇ ವಿಧಿಸಿತ್ತು.

ಮೂರನೆಯವರು ರಾಜೇಶ್ವರಿ ಚಟರ್ಜಿ. ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಓದು ಮನೆಯಲ್ಲಿ ಆಗಲೇ ಎರಡು ತಲೆಮಾರುಗಳಿಂದ ಇತ್ತು. ಬೆಂಗಳೂರಿನಲ್ಲಿ ಗಣಿತಶಾಸ್ತ್ರವನ್ನು ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕವರ್ಗವನ್ನು ಸೇರಿದರು. ಪತಿಯೂ ಅದೇ ಸಂಸ್ಥೆಯಲ್ಲಿ ಅಧ್ಯಾಪಕರು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಯನ್ನು ನಡೆಸಿದರು. ಒಂದು ಮಗುವಿನ ತಾಯಿಯಾದ ಈಕೆ ತಮ್ಮ ವಿಭಾಗದ ಮುಖ್ಯಸ್ಥರೂ ಆದರು. ಪತಿಪತ್ನಿಯರಿಗೆ ಒಂದೇ ಊರು, ಒಂದೇ ಆವರಣ, ಒಂದೇ ಶಾಸ್ತ್ರ ಎಂಬ ಅಪೂರ್ವ ಅನುಕೂಲ ಇಲ್ಲಿ ಒದಗಿತ್ತು.

ಮೂವರ ಪ್ರತಿಭೆಯಲ್ಲಿ ತಾರತಮ್ಯವನ್ನು ಕಲ್ಪಿಸುವುದು ಯುಕ್ತವಲ್ಲ. ಭೇದವಿದ್ದುದು ಸಂದರ್ಭದಲ್ಲಿ. ಇದೇ ಮೂವರು ಪುರುಷರಾಗಿದ್ದಲ್ಲಿ ಅವರ ವೃತ್ತಿಚರಿತ್ರೆಯನ್ನು ಬರೆಯುವವನು ವಿವಾಹದ ಪ್ರಸ್ತಾಪವನ್ನೇ ಮಾಡದೆ ಮುಗಿಸಬಹುದಾಗಿತ್ತು.

ವಿವಾಹ ನಿಷೇಧವು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದಲ್ಲಿ 1942ರಲ್ಲಿ ಶೇಕಡ 87ರಷ್ಟು ಶಾಲಾಮಂಡಲಿಗಳು ವಿವಾಹಿತ ಸ್ತ್ರೀಯರನ್ನು ಉಪಾಧ್ಯಾಯಿನಿಯರಾಗಿ ನೇಮಿಸಿಕೊಳ್ಳುತ್ತಿರಲಿಲ್ಲವೆಂದು ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದಾರೆ. ಬ್ರಿಟನ್ನಿನ ವಿದೇಶಾಂಗ ಸೇವೆಯಲ್ಲಿ ಈ ನಿಷೇಧವು 1973ರವರೆಗೂ ಇತ್ತು. ನಮ್ಮಲ್ಲಿ 1961ರ ವಿದೇಶಾಂಗ ಸೇವಾ ನಿಯಮಗಳು ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿಯನ್ನು ಪಡೆಯಬೇಕೆಂದೂ, ಸಂಸಾರದ ಹೊಣೆ ಕರ್ತವ್ಯಕ್ಕೆ ಅಡ್ಡಿಯಾಗಬಹುದೆಂದು ಕಂಡರೆ ರಾಜೀನಾಮೆಯನ್ನು ಕೇಳಬಹುದೆಂದೂ ವಿಧಿಸಿದ್ದವು. ಬಡ್ತಿಯಲ್ಲಿ ಅನ್ಯಾಯವಾಯಿತೆಂದು ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯವನ್ನು ಆಶ್ರಯಿಸಿದಾಗ, 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಈ ನಿಯಮವನ್ನು ತೀವ್ರವಾಗಿ ಖಂಡಿಸಿದರು. ಗೃಹಸ್ಥಾಶ್ರಮವು ಕರ್ತವ್ಯಕ್ಕೆ ತೊಡಕಾಗುವುದಾದರೆ ಆ ಅಪಾಯ ಮದುವೆಯಾಗುವ ಪುರುಷ ಅಧಿಕಾರಿಯಿಂದಲೂ ಉಂಟಲ್ಲವೆ ಎಂಬುದು ಅವರ ತರ್ಕದ ತಿರುಳು. ಅಷ್ಟರಲ್ಲಿ ಆಕೆಗೆ ಬಡ್ತಿ ದೊರೆತಿತ್ತು. ಸರ್ಕಾರವೂ ಆಕ್ಷೇಪಾರ್ಹ ನಿಯಮಗಳನ್ನು ಕೈಬಿಡುವ ಮಾರ್ಗವನ್ನು ಹಿಡಿದಿತ್ತು.

ಆದರೂ ನಿಯಮಗಳು ಒಂದೇ ದಿನದಲ್ಲಿ ಅಳಿಯಲಿಲ್ಲ. 1981ರಲ್ಲಿ ವಿಮಾನ ಪರಿಚಾರಿಕೆಯರ ಮೊಕದ್ದಮೆಯಲ್ಲಿ, ಮೊದಲನೆಯ ಗರ್ಭಧಾರಣೆಯೊಡನೆ ಕೆಲಸದಿಂದ ತೆಗೆಯುವ ನಿಯಮವನ್ನು ನ್ಯಾಯಾಲಯ ರದ್ದುಗೊಳಿಸಿತು. ಆದರೆ ಸೇವೆಗೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದೆಂಬುದನ್ನು ಎತ್ತಿಹಿಡಿಯಿತು. ಮದುವೆಯ ಕಾರಣದಿಂದ 1988ರಲ್ಲಿ ಸೈನ್ಯದ ದಾದಿಯರ ಸೇವೆಯಿಂದ ಬಿಡುಗಡೆಗೊಂಡ ಅಧಿಕಾರಿಣಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರವನ್ನು ಕೊಡಬೇಕೆಂಬ ತೀರ್ಪು ಬಂದದ್ದು 2024ರಲ್ಲಿ. ನ್ಯಾಯ ದೊರೆಯಿತು, ವೃತ್ತಿ ಹಿಂತಿರುಗಲಿಲ್ಲ.

ಬರಹದಲ್ಲಿದ್ದ ನಿಷೇಧಗಳು ಹೀಗೆ ಒಂದೊಂದಾಗಿ ತೊಲಗಿದರೂ ಅಂತರವು ಏಕೆ ಉಳಿಯಿತು? ಇದನ್ನು ವಿವರಿಸಿದ ಮುಖ್ಯ ಗ್ರಂಥಗಳಲ್ಲೊಂದು, 2023ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಗೋಲ್ಡಿನ್ ಅವರು 2021ರಲ್ಲಿ ಪ್ರಕಟಿಸಿದ 'ಕೆರಿಯರ್ ಅಂಡ್ ಫ್ಯಾಮಿಲಿ'. ಅವರ ವಾದವನ್ನು ನಮ್ಮದೇ ಒಂದು ಕಲ್ಪಿತ ಲೆಕ್ಕದ ಮೂಲಕ ತಿಳಿಯೋಣ. ಪತಿಪತ್ನಿಯರಿಬ್ಬರೂ ಸಮಾನ ಅಂಕಗಳನ್ನು ಪಡೆದ ಎಂಜಿನಿಯರುಗಳು. ವೇಳೆಗೆ ಸರಿಯಾಗಿ ಮನೆಗೆ ಬರಬಹುದಾದ ಕೆಲಸಕ್ಕೆ ತಿಂಗಳಿಗೆ 60,000 ರೂಪಾಯಿ ಸಂಬಳ. ಕರೆದಾಗ ಓಡಬೇಕಾದ, ರಾತ್ರಿಯೂ ದುಡಿಯಬೇಕಾದ ಕೆಲಸಕ್ಕೆ 1,00,000. ಇಬ್ಬರೂ ಮೊದಲನೆಯದನ್ನು ಆರಿಸಿದರೆ ಸಂಸಾರದ ವರಮಾನ 1,20,000. ಒಬ್ಬರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಆರಿಸಿದರೆ 1,60,000. ಇಬ್ಬರೂ ಎರಡನೆಯದನ್ನು ಹಿಡಿದರೆ 2,00,000 ದೊರೆಯುತ್ತದೆ, ಆದರೆ ಮಗುವಿಗೆ ಜ್ವರ ಬಂದ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಮಗುವಿರುವ ಮನೆ ಸಹಜವಾಗಿಯೇ ನಡುವಿನ ಮಾರ್ಗವನ್ನು ಹಿಡಿಯುತ್ತದೆ. ದಂಪತಿಗಳು ಸಮಾನರಾಗಿ ಬಾಳಬೇಕೆಂದರೆ ತಿಂಗಳಿಗೆ 40,000 ರೂಪಾಯಿಯನ್ನು ಬಿಟ್ಟುಕೊಡಬೇಕು. ಲೆಕ್ಕವು ಇಷ್ಟನ್ನು ಹೇಳುತ್ತದೆ. ಇಬ್ಬರಲ್ಲಿ ಯಾರು ಮನೆಗೆ ಹತ್ತಿರವಿರಬೇಕೆಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ರೂಢಿ.

ರೂಢಿಯ ಬಲವೆಷ್ಟೆಂಬುದಕ್ಕೆ 2024ರ ಭಾರತೀಯ ಕಾಲಬಳಕೆ ಸಮೀಕ್ಷೆಯೇ ಸಾಕ್ಷಿ. ಗೃಹಕೃತ್ಯದಲ್ಲಿ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ವ್ಯಯಿಸಿದರೆ, ತೊಡಗಿದ ಪುರುಷರು ವ್ಯಯಿಸಿದ್ದು 88 ನಿಮಿಷ. ಪುರುಷರಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರೇ ಕಡಿಮೆಯೆಂಬುದನ್ನೂ ನೆನಪಿಡಬೇಕು. ಸಮಾನತೆಗೆ ಹೆಸರಾದ ಡೆನ್ಮಾರ್ಕಿನಲ್ಲಿಯೂ ಮೊದಲ ಮಗು ಹುಟ್ಟಿದ ಮೇಲೆ ತಾಯಿಯ ಗಳಿಕೆ ದೀರ್ಘಕಾಲದಲ್ಲಿ ಸುಮಾರು ಶೇಕಡ 20ರಷ್ಟು ಕುಗ್ಗುವುದೆಂದೂ, ತಂದೆಯ ಗಳಿಕೆ ಹೆಚ್ಚುಕಡಿಮೆ ಹಾಗೆಯೇ ಉಳಿಯುವುದೆಂದೂ 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿದೆ.

ಹಾಗಾದರೆ ಇದು ಬದಲಾಗದ ಸ್ಥಿತಿಯೆ? ಗೋಲ್ಡಿನ್ ಮತ್ತು ಲಾರೆನ್ಸ್ ಕಾಟ್ಜ್ ಅವರು ಪರಿಶೀಲಿಸಿದ ಅಮೆರಿಕದ ಔಷಧ ವಿತರಕರ ವೃತ್ತಿ ಇಲ್ಲಿ ಬೋಧಪ್ರದವಾಗಿದೆ. ಹಿಂದೆ ಸಣ್ಣ ಅಂಗಡಿಯ ಯಜಮಾನನೇ ಹಗಲಿರುಳು ದುಡಿಯುತ್ತಿದ್ದ ಆ ವೃತ್ತಿ, ದೊಡ್ಡ ಮಳಿಗೆಗಳೂ ಗಣಕಯಂತ್ರದ ದಾಖಲೆಗಳೂ ಬಂದ ಮೇಲೆ ಒಬ್ಬರ ಸ್ಥಾನದಲ್ಲಿ ಮತ್ತೊಬ್ಬರು ಸುಲಭವಾಗಿ ನಿಲ್ಲಬಹುದಾದ ವೃತ್ತಿಯಾಯಿತು. ಸಂಬಳವು ದುಡಿದ ಗಂಟೆಗಳಿಗೆ ಅನುಗುಣವಾಯಿತು. ಸ್ತ್ರೀಪುರುಷರ ಗಳಿಕೆಯ ಅಂತರವೂ ಬಹಳ ತಗ್ಗಿತು. ಅಲ್ಲಿ ಬದಲಾದದ್ದು ಕೆಲಸದ ಏರ್ಪಾಟು. ಸ್ತ್ರೀಯರ ಸ್ವಭಾವವೇನೂ ಬದಲಾಗಲಿಲ್ಲ.

ನಮ್ಮ ಕಾನೂನನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಕೊರತೆ ಎದ್ದುಕಾಣುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಮಾಡಿದ ತಿದ್ದುಪಡಿ, ಮೊದಲ ಎರಡು ಮಕ್ಕಳಿಗೆ ತಾಯಿಯ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು; 50 ಮಂದಿಗೆ ಕಡಿಮೆಯಿಲ್ಲದ ಉದ್ಯಮಗಳಲ್ಲಿ ಶಿಶುಗೃಹ ಇರಬೇಕೆಂದಿತು. ಇದು ಸ್ತುತ್ಯವಾದುದು. ಆದರೆ ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ದೊರೆಯುವುದು 15 ದಿನಗಳ ರಜೆ. ರಜೆಯ ವೇತನದ ಭಾರ ಉದ್ಯಮದ ಮೇಲೆ ಬೀಳುವುದರಿಂದ, ಇಬ್ಬರು ಸಮಾನ ಅಭ್ಯರ್ಥಿಗಳಲ್ಲಿ ತರುಣಿಯನ್ನು ಬಿಟ್ಟು ತರುಣನನ್ನು ಆರಿಸುವ ಪ್ರಲೋಭನೆಗೆ ಅವಕಾಶವಾಗುತ್ತದೆ. ರಕ್ಷಣೆಗಾಗಿ ಮಾಡಿದ ನಿಯಮವೇ, ಹೊಣೆಯನ್ನು ಒಬ್ಬರ ಮೇಲೆಯೇ ಹೊರಿಸಿದರೆ, ಅಡ್ಡಿಯಾಗಿ ಪರಿಣಮಿಸಬಹುದು.

ಅಧ್ಯಾಪಕರಾದವರಿಗೆ ಇದರಿಂದ ಎರಡು ವಿಚಾರಗಳು ಒದಗುತ್ತವೆ. ಸ್ತ್ರೀಶಿಕ್ಷಣದ ಯಶಸ್ಸನ್ನು ಪದವಿಪ್ರದಾನದ ದಿನದ ಎಣಿಕೆಯಿಂದ ಮಾತ್ರ ಅಳೆಯುವುದು ಸಾಲದು. ಪದವಿ ಪಡೆದವರು ಹತ್ತು ವರ್ಷಗಳ ಬಳಿಕ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ಪ್ರತಿಯೊಂದು ಕಾಲೇಜೂ ದಾಖಲಿಸುವಂತಾಗಬೇಕು. ಎರಡನೆಯದಾಗಿ, ಮದುವೆಯಾದ ಮೇಲೆ ಏನು ಮಾಡುವೆ ಎಂಬ ಪ್ರಶ್ನೆಯನ್ನು ನಾವು ವಿದ್ಯಾರ್ಥಿನಿಯರಿಗೆ ಮಾತ್ರ ಕೇಳುತ್ತ ಬಂದಿದ್ದೇವೆ. ಅದೇ ಬೆಂಚಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಗೂ ಆ ಪ್ರಶ್ನೆಯನ್ನು ಕೇಳಬೇಕು. ಮುಂದೆ ಕಚೇರಿಗಳ ವೇಳಾಪಟ್ಟಿಯನ್ನೂ ಸೇವಾನಿಯಮಗಳನ್ನೂ ರಚಿಸುವವರು ಇಂದು ನಮ್ಮ ತರಗತಿಗಳಲ್ಲಿಯೇ ಇದ್ದಾರೆ. ಮನೆಯ ಹೊಣೆ ಇಬ್ಬರದೆಂಬ ಅರಿವು ಅವರಿಗೆ ಈಗಲೇ ಮೂಡಿದರೆ, ಆ ನಿಯಮಗಳು ಬೇರೆಯಾಗಬಹುದೆಂದು ನಿರೀಕ್ಷಿಸಲು ಆಧಾರವಿದೆ.